ಗುಂಪಿನಲ್ಲಿ 230 ಜನ, ಕೆರೆಗೆ ಬರುವವರು ಎಂಟು ಜನ. ಅಡ್ಮಿನ್ ಆದವನು ಏನು ಮಾಡಬೇಕು?

ಊರ ಕೆರೆಯ ಜೊಂಡು ಕೀಳಲು ವಾಟ್ಸಾಪ್ ಗುಂಪು ಮಾಡಿದ್ದೀರಿ, 230 ಜನ ಸೇರಿದ್ದಾರೆ. ಭಾನುವಾರ ಬನ್ನಿ ಎಂದರೆ ಸಾಲುಸಾಲಾಗಿ ಹೆಬ್ಬೆರಳು ಬೀಳುತ್ತವೆ, ಬೆಳಿಗ್ಗೆ ಏರಿಯ ಮೇಲೆ ನಿಂತಿರುವವರು ಎಂಟೇ ಜನ. ಹೋದ ವಾರ ಗುಂಪಿನಲ್ಲೇ ಜಗಳವೂ ಆಯಿತು. "ನನಗೆ ಮುಂದಾಳತ್ವ ಒಗ್ಗುವುದಿಲ್ಲವೇ? ಬಾರದವರನ್ನೆಲ್ಲ ತೆಗೆದುಬಿಡಲೇ?" ಎಂದು ಕೇಳಿದ್ದೀರಿ. ನಾನೂ ಒಮ್ಮೆ ಇದೇ ಜಾಗದಲ್ಲಿ ನಿಂತಿದ್ದವನು, ಅದಕ್ಕೇ ಬರೆಯುತ್ತಿದ್ದೇನೆ.

2021ರ ಏಪ್ರಿಲ್, ಮೇ ತಿಂಗಳು. ಬೆಂಗಳೂರಿನಲ್ಲಿ ಕೋವಿಡ್ ಎರಡನೇ ಅಲೆ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಹೊಸ ಪ್ರಕರಣ ಬಂದಿದ್ದವು. ಬೆಡ್, ಆಕ್ಸಿಜನ್ ಹುಡುಕಿಕೊಡೋಣ ಎಂದು ನಾವೊಂದಷ್ಟು ಗೆಳೆಯರು ಗುಂಪು ಮಾಡಿದೆವು. ಆಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ. ನಾಲ್ಕೇ ದಿನಕ್ಕೆ ತುಂಬಿಹೋಯಿತು. ಇಷ್ಟು ಜನ ಇದ್ದಾರಲ್ಲ ಎಂದು ನನಗೆ ಧೈರ್ಯ ಬಂದಿತ್ತು.

ಒಂದು ರಾತ್ರಿ 11.20ಕ್ಕೆ ಒಬ್ಬ ಹುಡುಗಿ ಬರೆದಳು: "ಅಪ್ಪನಿಗೆ ಸ್ಯಾಚುರೇಶನ್ 84. ಎಚ್‌ಡಿಯು ಬೆಡ್ ಬೇಕು. ಬಿಯು ನಂಬರ್ ಬಂದಿದೆ." ಅಂದರೆ ರಕ್ತದಲ್ಲಿ ಆಕ್ಸಿಜನ್ ಅಪಾಯದ ಮಟ್ಟಕ್ಕೆ ಇಳಿದಿತ್ತು, ಐಸಿಯುಗಿಂತ ಒಂದು ಹಂತ ಕೆಳಗಿನ ನಿಗಾ ಬೆಡ್ ಬೇಕಿತ್ತು. ಬಿಯು ನಂಬರ್ ಎಂದರೆ ಬೆಂಗಳೂರಿನಲ್ಲಿ ಕೋವಿಡ್ ಪಾಸಿಟಿವ್ ಬಂದವರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ. ಪಾಲಿಕೆಯ ಕಡೆಯಿಂದ ಬೆಡ್ ಸಿಗಬೇಕಾದರೆ ಅದು ಬೇಕಿತ್ತು. ಅದೂ ಕೈಯಲ್ಲಿತ್ತು ಎಂದರೆ ಕೆಲಸ ಅರ್ಧ ಮುಗಿದ ಹಾಗೆ. ಕೆಳಗೆ ಕೈಮುಗಿದ ಚಿತ್ರಗಳು ಬಂದವು. "ಬೇರೆ ಗ್ರೂಪಿಗೂ ಹಾಕಿದ್ದೇನೆ" ಎಂದು ಐದಾರು ಜನ ಬರೆದರು. ನಾನು ಇನ್ನೊಬ್ಬರ ಸಿಲಿಂಡರಿಗೆ ರೆಗ್ಯುಲೇಟರ್ ಹುಡುಕುತ್ತಿದ್ದೆ. ಇಷ್ಟು ಜನ ನೋಡಿದ್ದಾರೆ, ಯಾರಾದರೂ ಫೋನ್ ಮಾಡಿಯೇ ಇರುತ್ತಾರೆ ಅಂದುಕೊಂಡೆ. ರಾತ್ರಿ 1.10ಕ್ಕೆ ಅವಳು ಮತ್ತೆ ಬರೆದಳು: "ಯಾರಾದ್ರೂ ನೋಡ್ತಿದೀರಾ?"

ಯಾರೂ ಫೋನ್ ಮಾಡಿರಲಿಲ್ಲ. ಅದೇ ಹೊತ್ತಿನಲ್ಲಿ ಇನ್ನೊಬ್ಬ ರೋಗಿಗಾಗಿ ನಮ್ಮವರೇ ಆರು ಜನ ಒಂದೇ ಆಸ್ಪತ್ರೆಗೆ ಒಬ್ಬರಾದ ಮೇಲೊಬ್ಬರು ಕರೆ ಮಾಡಿ ಅಲ್ಲಿನವರಿಂದ ಬೈಸಿಕೊಂಡಿದ್ದರು. ಆ ಹುಡುಗಿಯ ಅಪ್ಪನಿಗೆ ಬೆಳಗಿನ ಜಾವ ನಾಲ್ಕಕ್ಕೆ ಬೆಡ್ ಸಿಕ್ಕಿತು, ಅವರು ಬದುಕಿದರು. ಆದರೂ ಆ ಎರಡು ಗಂಟೆ ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಇದು ಬರೀ ನಮ್ಮ ಜನರ ಗುಣ ಎಂದು ಬೇಸರಪಡಬೇಡಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳೆದು ನೋಡಿ, 1913ರಲ್ಲಿ ಅದನ್ನು ಪ್ರಕಟಿಸಿದ. ಎಳೆಯುವವರು ಹೆಚ್ಚಾದಷ್ಟೂ ತಲಾ ಎಳೆತ ಕಡಿಮೆಯಾಗುತ್ತಿತ್ತು. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿ ಹಗ್ಗವಾದರೂ ಎಲ್ಲರ ಕೈಯಲ್ಲಿತ್ತು. ವಾಟ್ಸಾಪಿನಲ್ಲಿ ಹೆಬ್ಬೆರಳು ಒತ್ತಿದರೆ ಹಗ್ಗ ಹಿಡಿದಷ್ಟೇ ಸಮಾಧಾನ ಸಿಕ್ಕಿಬಿಡುತ್ತದೆ. ತೊಂದರೆ ಇರುವುದು ಅಲ್ಲೇ.

ಮರುದಿನವೇ ಪದ್ಧತಿ ಬದಲಿಸಿದೆವು. ದೊಡ್ಡ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿದೆವು. ಕೆಲಸ ಮಾಡುವವರು ಐದೈದು ಜನರ ಚಿಕ್ಕ ತಂಡಗಳಾದರು. ನಾಲ್ಕು ಗಂಟೆಗೊಬ್ಬರು ಪಾಳಿ ಹಿಡಿದರು. ಬಂದ ಕೋರಿಕೆಗಳೆಲ್ಲ ಒಂದು ಗೂಗಲ್ ಶೀಟಿಗೆ ಹೋಗುತ್ತಿದ್ದವು, ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು. "ನಾವು ನೋಡ್ತೀವಿ" ಎನ್ನುವಂತಿಲ್ಲ, "ನಾನು ತಗೊಂಡೆ" ಎನ್ನಬೇಕು. ಪಾಳಿ ಮುಗಿದಾಗ ಮುಂದಿನವರಿಗೆ ಫೋನ್ ಮಾಡಿಯೇ ಒಪ್ಪಿಸಬೇಕು, ಮೆಸೇಜ್ ಹಾಕಿ ಮಲಗುವಂತಿಲ್ಲ.

ಹೊಸದೇನೂ ಅಲ್ಲ, ನಿಮ್ಮ ಕೆರೆಯಲ್ಲೇ ಇದ್ದ ಪದ್ಧತಿ ಇದು. ಕೆರೆ ಊರಿಗೆಲ್ಲ ಸೇರಿದ್ದು, ತೂಬು ಎತ್ತುವವನು ಮಾತ್ರ ನೀರುಗಂಟಿ. ಯಾರ ಗದ್ದೆಗೆ ನೀರು ಬರದಿದ್ದರೂ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು.

ಕೆಲಸ ಹಂಚುವುದಕ್ಕಿಂತ ಕಷ್ಟವಾದದ್ದು ಮುಗಿದ ಕೆಲಸ ಮುಗಿಯಿತೆಂದು ಹೇಳುವುದು. ಒಬ್ಬ ತಾಯಿ ತೀರಿಕೊಂಡ ಮೂರು ದಿನದ ಮೇಲೂ ಮಗಳಿಗೆ "ಬೆಡ್ ಇದೆ, ಬೇಕಾ?" ಎಂದು ಕರೆಗಳು ಬರುತ್ತಲೇ ಇದ್ದವು. ನಾವು ಹಂಚಿದ ಮೆಸೇಜಿನಲ್ಲಿ ಅವಳದೇ ನಂಬರ್ ಇತ್ತು, ತಾರೀಕು ಇರಲಿಲ್ಲ. ಆಮೇಲೆ ಮನೆಯವರ ನಂಬರ್ ಹೊರಗೆ ಬಿಡಲೇ ಇಲ್ಲ. ನಮ್ಮ ಪಾಳಿಯವರ ನಂಬರ್, ತಾರೀಕು, ಗಂಟೆ ಹಾಕದೆ ಏನನ್ನೂ ಹಂಚಲಿಲ್ಲ. ಈ ತಪ್ಪಿನ ಹೊಣೆ ನನ್ನದೇ. ಅಡ್ಮಿನ್ ಆಗುವುದೆಂದರೆ ಇದೂ ಸೇರಿ ಎಂದು ಆಗ ಅರ್ಥವಾಯಿತು.

ಇನ್ನು ಜಗಳದ ವಿಷಯ. ನಮ್ಮಲ್ಲೊಬ್ಬ ಹುಡುಗ ರೋಗಿಯ ಮನೆಯ ಬಾಗಿಲಲ್ಲಿ ಸಿಲಿಂಡರ್ ಹಿಡಿದು ತೆಗೆಸಿಕೊಂಡ ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕಿದ. ಗುಂಪಿನಲ್ಲಿ ಬೆಂಕಿ ಹತ್ತಿತು. ನಾನು ಗುಂಪಿನಲ್ಲಿ ಒಂದು ಮಾತೂ ಬರೆಯದೆ ಅವನಿಗೆ ಫೋನ್ ಮಾಡಿದೆ. "ಆ ಮನೆಯವರಿಗೆ ಹೇಗನಿಸಿರಬಹುದು ಹೇಳಪ್ಪ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೀತೀನಣ್ಣ" ಅಂದ. ಮರುದಿನ ಪಾಳಿಗೂ ಬಂದ. 250 ಜನರ ಎದುರಿಗೆ ಕೇಳಿದ್ದರೆ ಫೋಟೋ ತೆಗೆಯುತ್ತಿದ್ದನೇನೋ, ಪಾಳಿಗೆ ಬರುತ್ತಿರಲಿಲ್ಲ. ತಪ್ಪನ್ನು ಫೋನಿನಲ್ಲಿ ಹೇಳಿ, ಒಳ್ಳೆಯದನ್ನು ಎಲ್ಲರೆದುರು ಹೆಸರು ಹಿಡಿದು ಹೇಳಿ. ಹೋದ ವಾರ ಜಗಳವಾಡಿದ ಇಬ್ಬರ ಮನೆಗೂ ನೀವೇ ಒಮ್ಮೆ ಹೋಗಿ ಬನ್ನಿ. ಊರು ಚಿಕ್ಕದು, ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಈ ಭಾನುವಾರಕ್ಕೆ "ಎಲ್ಲರೂ ಬನ್ನಿ" ಎಂದು ಬರೆಯಬೇಡಿ. ಕೆಲಸವನ್ನು ತುಂಡು ಮಾಡಿ: ತೂಬಿನ ಬಳಿ ಜೊಂಡು ಕೀಳಲು ನಾಲ್ಕು ಜನ, ಕೋಡಿಯ ಕಡೆಗೆ ಮೂರು ಜನ, ಹಾರೆ, ಗುದ್ದಲಿ, ಬಾಣಲೆ ತರಲು ಒಬ್ಬರು, ತಿಂಡಿಗೆ ಒಬ್ಬರು. ಒಂದೊಂದಕ್ಕೂ ಶುಕ್ರವಾರವೇ ಫೋನ್ ಮಾಡಿ ಹೆಸರು ಬರೆದುಕೊಳ್ಳಿ. ಸಂಜೆ ಗುಂಪಿಗೆ ಹಾಕುವಾಗ ಯಾರು ಏನು ಮಾಡಿದರು, ಎಷ್ಟು ಜಾಗ ಸ್ವಚ್ಛವಾಯಿತು, ಏನು ಉಳಿಯಿತು ಎಂದು ಬರೆಯಿರಿ.

ಬಾರದವರನ್ನು ತೆಗೆಯಬೇಡಿ. ನಮ್ಮ ಗುಂಪಿನಲ್ಲಿ ಮೂರು ವಾರ ಒಂದಕ್ಷರವನ್ನೂ ಬರೆಯದ ಒಬ್ಬರಿದ್ದರು. ಅವರ ಹತ್ತಿರ ಗೂಡ್ಸ್ ಆಟೋ ಇದೆಯೆಂದು ಯಾರೋ ಹೇಳಿದರು, ಫೋನ್ ಮಾಡಿದೆ. "ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ ಸಾರ್" ಅಂದರು. ಅವತ್ತು ರಾತ್ರಿಯಿಂದ ಮೇ ಕೊನೆಯವರೆಗೆ ನಮ್ಮ ಸಿಲಿಂಡರುಗಳನ್ನೆಲ್ಲ ಸಾಗಿಸಿದ್ದು ಅವರೇ. ನಿಮ್ಮ 230 ಜನರಲ್ಲಿ ಟ್ರ್ಯಾಕ್ಟರ್ ಯಾರ ಹತ್ತಿರ ಇದೆ, ಮೊದಲು ಅವರಿಗೆ ಫೋನ್ ಮಾಡಿ.