ಮನೆ ಕಟ್ಟಿಸುವಾಗ ಕೆಲಸಗಾರರಿಗೆ ಹೆಲ್ಮೆಟ್ ತಂದುಕೊಟ್ಟರೆ ಸಾಕಾ?

ಮೈಸೂರಿನ ಬೋಗಾದಿ ಕಡೆ 30×40 ಸೈಟಿನಲ್ಲಿ ಎರಡಂತಸ್ತಿನ ಮನೆ ಶುರು ಮಾಡುತ್ತಿದ್ದೇನೆ, ಹತ್ತು ಹೆಲ್ಮೆಟ್ ತಂದಿಟ್ಟಿದ್ದೇನೆ, ಇನ್ನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಹೆಲ್ಮೆಟ್ ಬೇಕೇ ಬೇಕು. ಆದರೆ ಮೊದಲು ಸಂಪಿನ (ನೆಲದೊಳಗಿನ ನೀರಿನ ತೊಟ್ಟಿಯ) ಗುಂಡಿ ನೋಡಿ.

ನಾನು ಮಂಡ್ಯ, ಮೈಸೂರು ಕಡೆ ಹನ್ನೆರಡು ವರ್ಷದಿಂದ ಸೈಟ್ ಇಂಜಿನಿಯರ್. ಎತ್ತರಕ್ಕೆ ಎಲ್ಲರೂ ಹೆದರುತ್ತಾರೆ, ಗುಂಡಿಗೆ ಯಾರೂ ಹೆದರುವುದಿಲ್ಲ. ನಾನೂ ಹಾಗೇ ಇದ್ದೆ. ಮಂಡ್ಯದ ಹತ್ತಿರ ಒಂದು ಮನೆಗೆ ಎಂಟಡಿ ಆಳದ ಸಂಪ್ ತೋಡಿಸುತ್ತಿದ್ದೆ. ಮೊದಲು ಗದ್ದೆಯಾಗಿದ್ದ ಜಾಗ. ಮಣ್ಣು ಹಾಕಲು ಬೇರೆ ಕಡೆ ಇಲ್ಲ ಅಂತ ಜೆಸಿಬಿಯವನು ಅಂಚಿನಲ್ಲೇ ರಾಶಿ ಹಾಕಿದ. ನಾನು ಸುಮ್ನಿದ್ದೆ. ಆ ವಾರ ವಿ.ಸಿ. ನಾಲೆಗೆ ನೀರು ಬಿಟ್ಟಿದ್ದರು, ಗುಂಡಿಯ ಮಗ್ಗುಲು ಬೆವರಿದ ಹಾಗೆ ಒದ್ದೆಯಾಗಿತ್ತು. ಒಳಗಿದ್ದ ಇಬ್ಬರು ಟೀ ಕುಡಿಯಲು ಮೇಲೆ ಬಂದರು. ಲೋಟ ಕೈಗೆ ತಗೊಳ್ಳುವಷ್ಟರಲ್ಲಿ ಒಂದು ಕಡೆಯ ಮಣ್ಣು ರಾಶಿ ಸಮೇತ ಒಳಗೆ ಕುಸಿಯಿತು. ಒಂದು ಹಾರೆ, ಎರಡು ಬಾಣಲಿ ಹೂತುಹೋದವು. ಇಬ್ಬರ ತಲೆ ಮೇಲೂ ಹೆಲ್ಮೆಟ್ ಇತ್ತು.

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತದೆ. ಎದೆಮಟ್ಟ ಹೂತರೂ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಐದಡಿಗಿಂತ ಆಳ ಹೋದರೆ ಮಗ್ಗುಲನ್ನು ಇಳಿಜಾರಾಗಿ ತೆಗೆಸಿ, ಇಲ್ಲವೇ ಹಲಗೆ ಕೊಟ್ಟು ಅಡ್ಡ ಮರ ಬಿಗಿಸಿ. ಮಣ್ಣಿನ ರಾಶಿ ಅಂಚಿನಿಂದ ಐದಡಿಯಾದರೂ ದೂರ ಇರಲಿ. 30×40ರಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು ಅಲ್ವಾ? ಅವತ್ತಿನ ಮಣ್ಣು ಅವತ್ತೇ ಟ್ರಾಕ್ಟರಿನಲ್ಲಿ ಸಾಗಿಸಿಬಿಡಿ. ಒಳಗೆ ಏಣಿ ಇರಲಿ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಅಂಚಿನಲ್ಲಿ ಬಿರುಕು ಬಿಟ್ಟಿದೆಯಾ ನೋಡದೆ ಯಾರನ್ನೂ ಇಳಿಸಬೇಡಿ.

ಎರಡನೆಯದು ಕರೆಂಟ್. ನಿಮ್ಮ ಸೈಟಿನ ಸ್ವಿಚ್ ಬೋರ್ಡ್ ಹತ್ತಿರ ಒಮ್ಮೆ ಬಗ್ಗಿ ನೋಡಿ. ಪ್ಲಗ್ ಇಲ್ಲದ ವೈರಿನ ತುದಿಯನ್ನು ಸಾಕೆಟ್‌ಗೆ ತುರುಕಿ, ಅಲುಗಾಡದಿರಲಿ ಅಂತ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಅದೇ ವೈರು ಕಾಂಕ್ರೀಟಿಗೆ ಹಾಕುವ ಕ್ಯೂರಿಂಗ್ ನೀರಿನಲ್ಲಿ ಬಿದ್ದಿರುತ್ತದೆ. ಕರೆಂಟ್ ಸೋರಿದರೆ ತಕ್ಷಣ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಅದರ ಖರ್ಚು ಮನೆ ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು, ರಸ್ತೆಯಲ್ಲಿ 11 ಕೆ.ವಿ. ಲೈನ್ ಇದ್ದರೆ ಕಬ್ಬಿಣದ ಕಂಬಿಯನ್ನು ಮೇಲಕ್ಕೆ ಸಾಗಿಸುವಾಗ ನೀವೇ ಎದುರಿಗೆ ನಿಲ್ಲಿ. ಕಂಬಿ ಒಂದೊಂದೂ ನಲವತ್ತಡಿ. ಕೆಳಗಿನವನು ನೆಟ್ಟಗೆ ಎತ್ತಿಕೊಟ್ಟರೆ ಸೀದಾ ತಂತಿಗೇ. ಲೈನ್ ತೀರಾ ಹತ್ತಿರ ಇದ್ದರೆ ನಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ನವರಿಗೆ ಮೊದಲೇ ತಿಳಿಸಿ.

ಸಾರುವೆ ವಿಷಯ ಮೇಸ್ತ್ರಿಗೆ ಗೊತ್ತಿರುತ್ತದೆ, ಆದರೂ ಹಲಗೆಯ ಎರಡೂ ತುದಿ ಕಟ್ಟಿದ್ದಾರಾ ನೋಡಿ. ಕಟ್ಟದ ಹಲಗೆಯ ಒಂದು ತುದಿ ತುಳಿದರೆ ಇನ್ನೊಂದು ತುದಿ ಏಳುತ್ತದೆ.

ಸೆಂಟ್ರಿಂಗ್ (ಸ್ಲ್ಯಾಬ್ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಹಲಗೆ, ಗೂಟ) ಬಿಚ್ಚುವ ಅವಸರ ಮಾತ್ರ ಸಾಮಾನ್ಯವಾಗಿ ಓನರ್‌ಗಳದ್ದೇ, ಬೇಜಾರು ಮಾಡಿಕೊಳ್ಳಬೇಡಿ. ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿ ಮೇಸ್ತ್ರಿಯ ಬೆನ್ನು ಬೀಳುತ್ತಾರೆ. ಹದಿನೈದಡಿ ಒಳಗಿನ ಸ್ಲ್ಯಾಬಿಗೆ ಕಡಿಮೆ ಅಂದರೂ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ಗೂಟ ತೆಗೆಯುವ ಹಾಗಿಲ್ಲ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಇನ್ನೂ ಸ್ವಲ್ಪ ದಿನ ಬಿಡಿ.

ಸಂಪ್ ತೋಡಲು ಶುರುವಾದ ಮೇಲೆ ಗುಂಡಿಯ ಮಗ್ಗುಲಿನ ಒಂದು ಫೋಟೋ ಹಾಕಿ. ಮಣ್ಣು ನೋಡಿ ಹೇಳುತ್ತೇನೆ.