ಆಫೀಸಿಗೆ ಇಂಗ್ಲಿಷ್ ಸಾಕು, ಮನೆಯ ಮೆಟ್ಟಿಲಿಗೆ ಸಾಲದು

ನಮಸ್ಕಾರ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ (ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಆಗುತ್ತದೆ, ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷ್, ಹೆಂಡತಿ ಮತ್ತು ಮೂರು ವರ್ಷದ ಮಗಳು ಸ್ವಲ್ಪ ತಡವಾಗಿ ಬರುತ್ತಾರೆ, ಹಾಗಿದ್ದ ಮೇಲೆ ಜರ್ಮನ್ ಕಲಿಯಲೇಬೇಕಾ, ತುಂಬಾ ಕಷ್ಟವಾ, ಜನ ಹೇಗೆ ಅಂತ ಕೇಳಿದ್ದೀರಿ. ನಾನು ಈ ಕಡೆ ಬಂದು ನೆಲೆಸಿ ಬಹಳ ವರ್ಷವಾಯಿತು, ಮಕ್ಕಳು ಇಲ್ಲೇ ಶಾಲೆ ಕಲಿತರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಲಿಯಬೇಕು. ವೀಸಾ ಬರಲಿ ಆಮೇಲೆ ನೋಡೋಣ ಅನ್ನಬೇಡಿ, ಈ ವಾರವೇ ಶುರು ಮಾಡಿ.

ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ನಿಜ. ಆದರೆ ಆಫೀಸಿನ ಗೇಟು ದಾಟಿದ ಮೇಲೆ ಊರು ನಡೆಯುವುದು ಜರ್ಮನ್‌ನಲ್ಲಿ. ಮನೆ ಮಾಲೀಕರ ಪತ್ರ, ಕರೆಂಟ್ ಕಂಪನಿಯ ಪತ್ರ, ಇನ್ಶೂರೆನ್ಸ್ ಪತ್ರ ಎಲ್ಲ ಜರ್ಮನ್. ಡಾಕ್ಟರಿಗೆ ಇಂಗ್ಲಿಷ್ ಬರಬಹುದು, ಫೋನ್ ಎತ್ತಿ ಅಪಾಯಿಂಟ್‌ಮೆಂಟ್ ಕೊಡುವವರಿಗೆ ಎಷ್ಟೋ ಸಲ ಬರುವುದಿಲ್ಲ. ಇನ್ನೊಂದು ವಿಷಯ ನೀವು ಯೋಚಿಸಿರಲಿಕ್ಕಿಲ್ಲ. ಸಂಜೆ ಮಗಳನ್ನು ಕೀಟಾದಿಂದ, ಅಂದರೆ ಇಲ್ಲಿನ ಶಿಶುವಿಹಾರದಿಂದ, ಕರೆದುಕೊಂಡು ಬರಲು ಹೋದಾಗ ಅಲ್ಲಿನ ಟೀಚರ್ ಬಾಗಿಲಲ್ಲೇ ನಿಂತು ಇವತ್ತು ಏನು ತಿಂದಳು, ಯಾರ ಜೊತೆ ಆಡಿದಳು, ಯಾಕೆ ಅತ್ತಳು ಅಂತ ಎರಡು ನಿಮಿಷ ಹೇಳುತ್ತಾರೆ. ಆ ಎರಡು ನಿಮಿಷ ನಿಮಗೆ ಅರ್ಥವಾಗಬೇಕು ಅಲ್ವಾ? ನಾನು ಕಂಡ ಹಾಗೆ ಇಲ್ಲಿ ಒಂಟಿತನ ಜಾಸ್ತಿ ಕಾಡುವುದು ಕೆಲಸಕ್ಕೆ ಹೋಗುವವರನ್ನಲ್ಲ, ಮನೆಯಲ್ಲಿ ಉಳಿಯುವವರನ್ನು. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ವೀಸಾಕ್ಕೆ ಎ1 (ಜರ್ಮನ್ ಭಾಷೆಯ ಮೊದಲ ಹಂತ) ಸರ್ಟಿಫಿಕೇಟ್ ಕೇಳುವುದಿಲ್ಲ. ಕೇಳುವುದಿಲ್ಲ ಅಂತ ಅವರು ಕಲಿಯದೆ ಬರುವುದು ಬೇಡ. ಬಂದ ಮೇಲೆ ಅವರಿಗೆ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕು ಇರುತ್ತದೆ, ಭಾಷೆ ಇಲ್ಲದಿದ್ದರೆ ಆ ಹಕ್ಕು ಬರೀ ಕಾಗದದಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿದ್ದರೆ ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಇಬ್ಬರೂ ಒಟ್ಟಿಗೆ ಸೇರಿಕೊಳ್ಳಿ. ಬೇರೆ ಊರಿನಲ್ಲಿದ್ದರೆ ಜರ್ಮನಿಯ ಸುದ್ದಿ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ಉಚಿತ ಪಾಠಗಳಿವೆ, ಅದರಲ್ಲೇ ನಿಧಾನವಾಗಿ ಓದುವ ವಾರ್ತೆಯೂ ಇದೆ.

ಕಷ್ಟವಾ ಅಂದರೆ, ಕಷ್ಟವೇ. ಆದರೆ ನಮ್ಮವರು ಅದನ್ನು ಇನ್ನೂ ಕಷ್ಟ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಇಂಗ್ಲಿಷ್ ಮೂಲಕ ಕಲಿಯುತ್ತಾರೆ. ನನ್ನ ಮಾತು ಕೇಳಿ, ಕನ್ನಡದ ಕಡೆಯಿಂದ ಕಲಿಯಿರಿ. ಇದನ್ನು ಇಲ್ಲಿಗೆ ಬರುವ ಪ್ರತಿಯೊಬ್ಬ ಕನ್ನಡಿಗರಿಗೂ ಹೇಳುತ್ತೇನೆ.

ನೋಡಿ, ಚಳಿಯಾದರೆ ಇಂಗ್ಲಿಷ್‌ನಲ್ಲಿ ಐ ಆ್ಯಮ್ ಕೋಲ್ಡ್ ಅನ್ನುತ್ತೀರಿ. ಅದನ್ನೇ ಜರ್ಮನ್‌ಗೆ ತಿರುಗಿಸಿದರೆ ತಪ್ಪಾಗುತ್ತದೆ. ಸರಿಯಾದದ್ದು ಮೀರ್ ಇಸ್ಟ್ ಕಾಲ್ಟ್, ಅಂದರೆ ನನಗೆ ಚಳಿ. ತಲೆನೋವು ಬಂದರೂ ಅದೇ ಮೀರ್, ಒಂದು ವಸ್ತು ಹಿಡಿಸಿತು ಅನ್ನುವುದಕ್ಕೂ ಅದೇ ಮೀರ್. ನಾವು ನನಗೆ ಅಂತ ಶುರು ಮಾಡುವ ಎಷ್ಟೋ ಮಾತು ಅವರಿಗೂ ಹಾಗೇ ಶುರುವಾಗುತ್ತದೆ. ಡಾಟಿವ್ ಅಂತ ಪುಸ್ತಕದಲ್ಲಿ ಹೆದರಿಸುತ್ತಾರಲ್ಲ, ಅದು ಇಂಥ ಮಾತುಗಳಲ್ಲಿ ಹೆಚ್ಚು ಕಡಿಮೆ ನಮ್ಮ ‘ಗೆ’, ‘ಇಗೆ’, ‘ಕ್ಕೆ’ ಪ್ರತ್ಯಯದ ಕೆಲಸ ಮಾಡುತ್ತದೆ. ನಮಗೆ ವಿಭಕ್ತಿ ಹೊಸದಲ್ಲ. ಅಡುಗೆಮನೆಗೆ ಹೋಗು, ಅಡುಗೆಮನೆಯಲ್ಲಿ ಕೂರು ಅಂತ ನಾವು ಕೊನೆಯನ್ನು ಬದಲಾಯಿಸುತ್ತೇವೆ. ಅವರು ಪದದ ಮುಂದಿನ ಆರ್ಟಿಕಲ್ (ಇಂಗ್ಲಿಷ್‌ನ ‘ದ’ ಇದ್ದ ಹಾಗೆ) ಬದಲಾಯಿಸುತ್ತಾರೆ, ಹೋಗುವಾಗ ಇನ್ ಡೀ ಕ್ಯೂಶೆ, ಒಳಗೆ ಇರುವಾಗ ಇನ್ ಡೆರ್ ಕ್ಯೂಶೆ. ಯೋಚನೆ ಒಂದೇ, ಜಾಗ ಬೇರೆ.

ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ ಅಂತ ಇಂಗ್ಲಿಷ್‌ನವರು ಗೋಳಾಡುತ್ತಾರೆ. ನಮಗೇನು ತೊಂದರೆ? ವೈಲ್ ಇಶ್ ಫೀಬರ್ ಹಾಬೆ ಅಂದರೆ ಯಾಕೆಂದರೆ ನನಗೆ ಜ್ವರ ಇದೆ, ಜ್ವರ ಮೊದಲು, ಇರುವುದು ಆಮೇಲೆ. ಕನ್ನಡಿಗರ ಕಿವಿಗೆ ವಾಕ್ಯ ಮುಗಿಯುವ ತನಕ ಕಾಯುವ ಅಭ್ಯಾಸ ಹುಟ್ಟಿನಿಂದ ಇದೆ. ಸಾದಾ ವಾಕ್ಯದಲ್ಲಿ ಮಾತ್ರ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರುತ್ತದೆ, ಅದನ್ನು ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕು. ಉಚ್ಚಾರದಲ್ಲೂ ಹಾಗೆ, ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಬದಲಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗಿಡ್ಡ ಸ್ವರದ ಶ್ಟಟ್ ಅಂದರೆ ನಗರ, ಎಳೆದು ಶ್ಟಾಟ್ ಅಂದರೆ ರಾಜ್ಯ. ನಮಗೆ ಹೊಸದು ಅಂದರೆ ಎರಡು ಚುಕ್ಕಿಯ ಉ. ತುಟಿಯನ್ನು ಊ ಅನ್ನುವ ಹಾಗೆ ಇಟ್ಟುಕೊಂಡು ಬಾಯೊಳಗೆ ಈ ಅನ್ನಿ, ಬರುತ್ತದೆ. ಇನ್ನೊಂದು, ಎರಡು ಟಿ ಬರೆದಿದ್ದರೆ ನಾವು ಒತ್ತಕ್ಷರ ಅಂತ ಒತ್ತಿ ಹೇಳುತ್ತೇವೆ. ಅಲ್ಲಿ ಒತ್ತಬಾರದು, ಹಿಂದಿನ ಸ್ವರ ಗಿಡ್ಡ ಅಂತ ಮಾತ್ರ ಅದರ ಅರ್ಥ.

ನಿಜವಾಗಿ ಕಾಡುವುದು ಗಂಡು, ಹೆಣ್ಣು, ನಪುಂಸಕಕ್ಕೆ ಬರುವ ಮೂರು ಆರ್ಟಿಕಲ್, ಡೆರ್, ಡೀ, ಡಾಸ್. ನಮ್ಮಲ್ಲಿ ಮೇಜು, ದೀಪ, ಪುಸ್ತಕ ಎಲ್ಲವೂ ಅದು. ಇಲ್ಲಿ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ಅರ್ಥ ಹುಡುಕಿ ಫಲವಿಲ್ಲ. ಪದದ ಕೊನೆ ನೋಡಿ ಕೆಲವನ್ನು ಹಿಡಿಯಬಹುದು, ಉಂಗ್, ಹೈಟ್, ಕೈಟ್, ಶಾಫ್ಟ್ ಅಂತ ಮುಗಿದರೆ ಡೀ, ಶೆನ್ ಅಂತ ಮುಗಿಯುವ ಪುಟಾಣಿ ಪದಗಳು ಡಾಸ್. ಉಳಿದದ್ದನ್ನು ಪದದ ಜೊತೆಗೇ ಬಾಯಿಪಾಠ ಮಾಡಿ. ಪದ ಬಿಟ್ಟರೂ ಆರ್ಟಿಕಲ್ ಬಿಡಬೇಡಿ. ಗಡಿಯಾರವನ್ನೂ ಮೊದಲ ದಿನವೇ ಕಲಿಯಿರಿ, ಹಾಲ್ಬ್ ಡ್ರೈ ಅಂದರೆ ಮೂರೂವರೆ ಅಲ್ಲ, ಎರಡೂವರೆ. ಇಲ್ಲಿ ಡಾಕ್ಟರ್ ಹತ್ತಿರ ಒಂದು ಗಂಟೆ ತಡವಾಗಿ ಹೋದರೆ ಆ ಅಪಾಯಿಂಟ್‌ಮೆಂಟ್ ಹೋದ ಹಾಗೇ.

ಇಷ್ಟೆಲ್ಲ ಕಲಿತು ಬಂದರೂ ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ತಿಂಗಳು ಕಿವಿಗೆ ಏನೂ ಹತ್ತದಿರಬಹುದು, ಹೆದರಬೇಡಿ. ಇಲ್ಲಿ ಮಾತಾಡುವುದು ಶ್ವೇಬಿಶ್, ಅಂದರೆ ಈ ಭಾಗದ ಆಡುಮಾತು. ಮೈಸೂರಿನವರು ಮೊದಲ ಸಲ ಧಾರವಾಡದ ಸಂತೆಯಲ್ಲಿ ನಿಂತ ಹಾಗಾಗುತ್ತದೆ. ಗುಟೆನ್ ಟಾಗ್ ಬದಲು ಗ್ರ್ಯೂಸ್ ಗಾಟ್ ಅನ್ನುತ್ತಾರೆ, ಪದಗಳ ಕೊನೆಗೆ ಪ್ರೀತಿಯಿಂದ ಲೆ ಸೇರಿಸುತ್ತಾರೆ. ನೀವು ಪುಸ್ತಕದ ಜರ್ಮನ್ ಮಾತಾಡಿ, ಎಲ್ಲರಿಗೂ ಅರ್ಥವಾಗುತ್ತದೆ. ಮುಂದೆ ಜ್ಯೂರಿಕ್ ಕಡೆಗೆ ಹೋಗುವ ಅವಕಾಶ ಬಂದರೆ ಮಾತ್ರ ಇದು ಇನ್ನೂ ಜಾಸ್ತಿ, ಅಲ್ಲಿ ಬರೆಯುವುದು ಪುಸ್ತಕದ ಭಾಷೆ, ಆಫೀಸಿನಿಂದ ಹಿಡಿದು ಮನೆಯವರೆಗೆ ಆಡುವುದು ಸ್ವಿಸ್ ಜರ್ಮನ್.

ಒಂದು ವಿಷಯ ಹೇಳಿದರೆ ನಿಮಗೆ ಖುಷಿಯಾಗಬಹುದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕನ್‌ಹೈಮ್‌ನಲ್ಲಿ. 1881ರಲ್ಲಿ ತೀರಿಕೊಂಡಿದ್ದು ಎಸ್ಲಿಂಗನ್‌ನಲ್ಲಿ, ಅದು ನಿಮ್ಮ ಊರಿನ ಪಕ್ಕದಲ್ಲೇ ಇದೆ, ಲೋಕಲ್ ರೈಲಿನಲ್ಲಿ ಹೋಗಿಬರಬಹುದು. ಕಿಟೆಲ್ ಉತ್ತರ ಜರ್ಮನಿಯವರು, ಆದರೆ 1894ರಲ್ಲಿ ಕನ್ನಡ ನಿಘಂಟು ಅಚ್ಚಾದ ಮೇಲೆ ಕೊನೆಯ ದಿನಗಳನ್ನು ಕಳೆದದ್ದು ಹತ್ತಿರದ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ ಅಲ್ಲೇ ತೀರಿಕೊಂಡರು. ಈ ಊರುಗಳಿಗೆ ಹೋದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಜರ್ಮನ್ ಮಾತಾಡುತ್ತಿದ್ದವರು ನಮ್ಮ ಜನರ ನಡುವೆ ಕೂತು ನಮ್ಮ ಭಾಷೆಯನ್ನು ನಿಘಂಟು ಬರೆಯುವಷ್ಟು ಕಲಿತರು. ನಮಗೆ ಬೇಕಿರುವುದು ಅದರ ಒಂದು ಪಾಲು ಮಾತ್ರ.

ಜನ ಹೇಗೆ ಅಂದಿರಿ. ಒಳ್ಳೆಯವರು, ಆದರೆ ನಿಧಾನ. ತಾವಾಗಿ ಬಂದು ಮಾತಾಡಿಸುವುದು ಕಡಿಮೆ, ಒಮ್ಮೆ ಹತ್ತಿರವಾದರೆ ಬಿಡುವುದಿಲ್ಲ. ಇಲ್ಲ ಅನ್ನುವುದನ್ನು ಇಲ್ಲ ಅಂತಲೇ ಹೇಳುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೀಟಿಂಗಿನಲ್ಲಿ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕಿದವರೇ ಹತ್ತು ನಿಮಿಷದ ಮೇಲೆ ಕಾಫಿಗೆ ಕರೆಯುತ್ತಾರೆ. ಮುಖ್ಯವಾದದ್ದು ನಮಸ್ಕಾರ ಹೇಳುವುದು. ಮೆಟ್ಟಿಲಲ್ಲಿ ಎದುರಾದವರಿಗೆ ಹೇಳಬೇಕು, ಲಿಫ್ಟಿನಲ್ಲಿ ಹೇಳಬೇಕು, ಡಾಕ್ಟರ್ ಕೋಣೆಯ ಹೊರಗೆ ಕಾಯುತ್ತಾ ಕೂತ ಎಲ್ಲರಿಗೂ ಒಳಗೆ ಬಂದ ಕೂಡಲೇ ಒಮ್ಮೆ ಹೇಳಬೇಕು. ಸುಮ್ನೆ ಬಂದು ಕೂತರೆ ಒರಟು ಅನ್ನಿಸುತ್ತದೆ. ಡು ಮತ್ತು ಝೀ ನಮ್ಮ ನೀನು, ನೀವು ಇದ್ದ ಹಾಗೇ, ಅದಕ್ಕೂ ನಮಗೆ ಪಾಠ ಬೇಡ, ಒಂದೇ ವ್ಯತ್ಯಾಸ. ನಮ್ಮಲ್ಲಿ ಅಪ್ಪನಿಗೆ, ತಾತನಿಗೆ ನೀವು ಅನ್ನುವ ಮನೆಗಳಿವೆ, ಇಲ್ಲಿ ಮನೆಯೊಳಗೆ ಎಲ್ಲರಿಗೂ ಡು. ಹೊರಗಿನವರಿಗೆ ಝೀ ಅನ್ನಿ, ಹಿರಿಯರು ತಾವಾಗಿ ಡು ಅನ್ನೋಣ ಅನ್ನುವ ತನಕ ಕಾಯಿರಿ. ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಶುಭಾಶಯ ಹೇಳಬೇಡಿ, ಅಪಶಕುನ ಅಂತ ನಂಬುತ್ತಾರೆ. ಹೇಳದೆ ಕೇಳದೆ ಯಾರ ಮನೆಗೂ ಹೋಗಬೇಡಿ.

ನೀವು ಮಾತು ಶುರು ಮಾಡಿದಾಗ ಅವರು ಸಹಾಯ ಮಾಡಲು ಅಂತಲೇ ಇಂಗ್ಲಿಷ್‌ಗೆ ಹೊರಳುತ್ತಾರೆ. ನಗುತ್ತಾ ಬಿಟೆ ಔಫ್ ಡಾಯ್ಚ್ (ದಯವಿಟ್ಟು ಜರ್ಮನ್‌ನಲ್ಲಿ) ಅನ್ನಿ, ಖಂಡಿತ ತಾಳ್ಮೆಯಿಂದ ಮಾತಾಡುತ್ತಾರೆ. ಇದನ್ನು ಮಾಡದವರ ಜರ್ಮನ್ ಬೆಳೆಯುವುದೇ ಇಲ್ಲ.

ಶ್ವಾಬಿಯಾದ, ಅಂದರೆ ಸ್ಟುಟ್‌ಗಾರ್ಟ್ ಇರುವ ಈ ಭಾಗದ, ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಕೇರ್‌ವೋಖೆ, ಅಂದರೆ ಗುಡಿಸುವ ವಾರ, ಇರುತ್ತದೆ. ನಿಮ್ಮ ಬಾಗಿಲಿಗೆ ಒಂದು ಸಣ್ಣ ಬೋರ್ಡ್ ಬಂದು ನೇತಾಡಿದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಿಮ್ಮ ಸರದಿ, ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ತೆಗೆಯುವುದೂ ಸರದಿಯಲ್ಲಿ ಬರಬಹುದು. ಮೆಟ್ಟಿಲು ಕ್ಲೀನಾಗಿಯೇ ಇದೆಯಲ್ಲ ಅಂತ ಬಿಡಬೇಡಿ, ಒರೆಸಿ. ನಮ್ಮ ಮೇಲಿನ ಮನೆಯ ಅಜ್ಜಿ ನನ್ನ ಜೊತೆ ಮಾತಿಗೆ ನಿಂತದ್ದು ಹೀಗೆ ಮೆಟ್ಟಿಲು ಒರೆಸುವಾಗಲೇ, ಕ್ಲಾಸಿನಲ್ಲಿ ಸಿಗದ ಎಷ್ಟೋ ಜರ್ಮನ್ ನನಗೆ ಅವರಿಂದ ಬಂತು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಸದ್ದು ಮಾಡಬಾರದು, ಭಾನುವಾರವಂತೂ ಇಡೀ ದಿನ ಡ್ರಿಲ್ಲಿಂಗ್ ಬೇಡ, ಗಾಜಿನ ಬಾಟಲಿಯನ್ನು ಡಬ್ಬಿಗೆ ಹಾಕುವುದೂ ಬೇಡ. ಚಟ್ನಿಗೆ ಮಿಕ್ಸಿ ತಿರುಗಿಸಿದರೆ ಯಾರೂ ಏನೂ ಅನ್ನುವುದಿಲ್ಲ, ರಾತ್ರಿ ಹತ್ತರ ಮೇಲೆ ಗ್ರೈಂಡರ್ ಹಾಕಬೇಡಿ ಅಷ್ಟೇ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು ತರಕಾರಿ ತಂದಿಡಿ.

ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಪೂರ್ತಿ ತೆಗೆದು ಐದು ನಿಮಿಷ ಗಾಳಿ ಆಡಿಸಿ. ಇದು ಶೋಕಿಯಲ್ಲ. ಅನ್ನದ ಹಬೆ, ಒಳಗೆ ಒಣಹಾಕಿದ ಬಟ್ಟೆ ಸೇರಿ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ಮಾತು ಬರುತ್ತದೆ. ಅಡ್ವಾನ್ಸ್ ಇಲ್ಲಿ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ, ಅದೂ ಹೀಟಿಂಗ್ ಇತ್ಯಾದಿ ಸೇರಿಸದ ಬಾಡಿಗೆ. ಅದಕ್ಕಿಂತ ಜಾಸ್ತಿ ಕೇಳಿದರೆ ಕೊಡಬೇಡಿ. ಸಸ್ಯಾಹಾರಿಗಳಾಗಿದ್ದರೆ ಗಮನವಿಡಿ, ಇಲ್ಲಿನ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುವ ಪದ್ಧತಿ ಇದೆ, ನೋಡಿದರೆ ಗೊತ್ತಾಗುವುದಿಲ್ಲ. ಕೇಳಿ ತಿನ್ನಿ. ಚೀಸ್ ಹಾಕಿದ ಕೇಸ್‌ಶ್ಪೆಟ್ಸ್‌ಲೆ ತಿನ್ನಬಹುದು, ಆದರೆ ಅದರ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಪೋಸ್ಟ್ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ, ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ, ಟ್ಯಾಕ್ಸ್ ನಂಬರ್ ಬರುವುದೂ ಅಂಚೆಯಲ್ಲೇ. ಬ್ಲೂ ಕಾರ್ಡ್ ಮೇಲೆ ಕೆಲಸ ಮಾಡುತ್ತಾ ಪೆನ್ಷನ್ ಹಣ ಕಟ್ಟುತ್ತಾ ಹೋದರೆ ಕಾಯಂ ನಿವಾಸಕ್ಕೆ ಎ1 ಇದ್ದವರಿಗೆ 27 ತಿಂಗಳು ಬೇಕು, ಬಿ1 (ಮೂರನೇ ಹಂತ) ಇದ್ದರೆ 21 ತಿಂಗಳು ಸಾಕು. ಪೌರತ್ವಕ್ಕೆ ಐದು ವರ್ಷ ಮತ್ತು ಬಿ1, ಅದರ ಜೊತೆ ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ, ಅದು ಮನೆಯವರೆಲ್ಲ ಕೂತು ಮಾತಾಡುವ ವಿಷಯ. ಬಿ1 ಎಷ್ಟು ದೂರ ಅಂತ ಅಂದಾಜು ಬೇಕಿದ್ದರೆ, ಸರ್ಕಾರದ ಇಂಟೆಗ್ರೇಷನ್ ಕೋರ್ಸ್‌ನಲ್ಲಿ ಅಲ್ಲಿಯವರೆಗೆ 600 ತರಗತಿ ಇಟ್ಟಿದ್ದಾರೆ, ಒಂದೊಂದು 45 ನಿಮಿಷ. ಬಂದ ಮೇಲೆ ಊರಿನ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ (ದೊಡ್ಡವರು ಕಲಿಯುವ ಶಾಲೆ) ಸಂಜೆ ಕ್ಲಾಸ್ ಸೇರಿ. ಅದರ ಜೊತೆ ಯಾವುದಾದರೂ ಒಂದು ಸಂಘಕ್ಕೂ ಸೇರಿ, ಬ್ಯಾಡ್ಮಿಂಟನ್ ಆಗಲಿ ಹಾಡಿನ ಗುಂಪಾಗಲಿ. ಕನ್ನಡದವರು ಸೇರುವ ಯುಗಾದಿ, ರಾಜ್ಯೋತ್ಸವಕ್ಕೆ ತಪ್ಪದೆ ಬನ್ನಿ, ಆದರೆ ವಾರದ ಎಲ್ಲ ಸಂಜೆಯನ್ನೂ ನಮ್ಮವರ ಜೊತೆಗೇ ಕಳೆಯಬೇಡಿ.

ಮಗಳ ಬಗ್ಗೆ ಚಿಂತೆ ಬೇಡ, ಭಾಷೆ ಅವಳಿಗೆ ನಿಮಗಿಂತ ಬೇಗ ಬರುತ್ತದೆ. ಮನೆಯಲ್ಲಿ ಕನ್ನಡವನ್ನೇ ಮಾತಾಡಿ, ಜರ್ಮನ್ ಅವಳು ಕೀಟಾದಲ್ಲಿ ಕಲಿಯುತ್ತಾಳೆ. ಒಂದು ವರ್ಷ ತುಂಬಿದ ಮಗುವಿಗೆ ಕೀಟಾದಲ್ಲಿ ಜಾಗ ಕಾನೂನಿನ ಪ್ರಕಾರ ಹಕ್ಕು, ಆದರೂ ಜಾಗ ಸಿಗುವುದು ತಡವಾಗುತ್ತದೆ. ಹಾಗಾಗಿ ವಿಳಾಸ ಗೊತ್ತಾದ ದಿನವೇ ಅರ್ಜಿ ಹಾಕಿ. ಸೇರಿದ ಮೇಲೂ ಮೊದಲ ಕೆಲವು ವಾರ ಅಪ್ಪನೋ ಅಮ್ಮನೋ ಜೊತೆಗೆ ಕೂರಬೇಕು, ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಟ್ಟು ಬರುವುದು ಇಲ್ಲಿನ ಕ್ರಮ. ಆ ವಾರಗಳಿಗೆ ರಜೆ ಬೇಕಾಗುತ್ತದೆ ಅಂತ ಆಫೀಸಿನಲ್ಲಿ ಈಗಲೇ ಹೇಳಿಡಿ.