ಜುಪಿಟರ್-3ರ ದೋಷಕ್ಕೆ ಕ್ಯಾಮೆರಾದ ತಿರುಪು ತಿರುಗಿಸಬೇಡಿ

ನೀರ್ಚಾಲಿನ ಮಿತ್ರರೇ, ನೀವು ಹಾಕಿದ ಯಕ್ಷಗಾನದ ಚೌಕಿಯ (ವೇಷ ಕಟ್ಟುವ ಕೋಣೆಯ) ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಬೆಸ್ಸಾ ಆರ್3ಎ ಫಿಲ್ಮ್ ಕ್ಯಾಮೆರಾಕ್ಕೆ ಜುಪಿಟರ್-3 ಲೆನ್ಸು ಹಾಕಿ, ಅಪರ್ಚರನ್ನು (ಬೆಳಕು ಬರುವ ಕಂಡಿಯನ್ನು) ಎಫ್/1.5ರಲ್ಲಿ ಪೂರ್ತಿ ತೆರೆದು, ಒಂದು ಮೀಟರಿನಷ್ಟು ಹತ್ತಿರದಿಂದ ತೆಗೆದ ಎಲ್ಲ ಚಿತ್ರಗಳಲ್ಲೂ ಬಣ್ಣದ ವೇಷದವರ (ರಾಕ್ಷಸ ಪಾತ್ರಧಾರಿಗಳ) ಕಣ್ಣು ಮಸುಕಾಗಿದೆ, ಕೆನ್ನೆಯ ಬದಿಯಲ್ಲಿ ಇಟ್ಟ ಚುಟ್ಟಿಯ (ಹಿಟ್ಟಿನ ಅಲಂಕಾರದ) ಒಂದೊಂದು ಮುಳ್ಳೂ ಸ್ಪಷ್ಟವಾಗಿದೆ. ಇದನ್ನು ನೋಡಿ, ಎರಡು ಬಿಂಬ ಕೂಡಿಸಿ ದೂರ ಅಳೆಯುವ ರೇಂಜ್‌ಫೈಂಡರ್ ತಪ್ಪಿದೆಯೆಂದು ನಿರ್ಧರಿಸಿ, ಫ್ಲ್ಯಾಶ್ ಕೂರಿಸುವ ಹಾಟ್‌ಶೂ ಬಿಚ್ಚಿ ಕೆಳಗಿನ ತಿರುಪನ್ನು ನೀವೇ ಸರಿಪಡಿಸುವುದಾಗಿ ಬರೆದಿದ್ದೀರಿ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಇದೇ ಲೆನ್ಸಿಗಾಗಿ ಅದೇ ತಿರುಪನ್ನು ನಾನೂ ತಿರುಗಿಸಿದ್ದೆ. ಜುಪಿಟರ್ ಆ ಒಂದು ದೂರಕ್ಕೆ ಮಾತ್ರ ಸರಿಯಾಯಿತು, ಉಳಿದ ಲೆನ್ಸುಗಳೆಲ್ಲ ತಪ್ಪಿದವು, ಒಂದು ರಾತ್ರಿಯ ಆಟದ ಫಿಲ್ಮು ಪೂರ್ತಿ ಹಾಳಾಯಿತು.

ದೋಷ ಇರುವುದು ಲೆನ್ಸು ಮತ್ತು ಕ್ಯಾಮೆರಾಗಳ ಹೊಂದಾಣಿಕೆಯಲ್ಲಿ. ಜುಪಿಟರ್-3 ಎಂದರೆ ಯುದ್ಧಪೂರ್ವದ ಜೈಸ್ ಸೊನ್ನಾರಿನ ಸೋವಿಯತ್ ರೂಪ. ಅದು ಜೈಸ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾದ 52.4 ಮಿ.ಮೀ. ನಾಭಿದೂರದ ಅಳತೆಯನ್ನು ಅನುಸರಿಸುತ್ತದೆ. ನಿಮ್ಮ ಬೆಸ್ಸಾ ಮಾತ್ರ ಲೈಕಾದಂತೆ 51.6 ಮಿ.ಮೀ. ಲೆನ್ಸನ್ನು ಲೆಕ್ಕ ಹಿಡಿದು ದೂರವನ್ನು ಅಳೆಯುತ್ತದೆ. ಅನಂತದಲ್ಲಿ (ಅತಿ ದೂರದ ವಸ್ತುವಿಗೆ ಫೋಕಸ್ ಮಾಡಿದಾಗ) ಎರಡೂ ಹೊಂದಿಕೊಂಡರೂ ಹತ್ತಿರಕ್ಕೆ ಬಂದಷ್ಟೂ ಅಂತರ ಬೆಳೆಯುತ್ತದೆ. ಒಂದು ಮೀಟರಿನಲ್ಲಿ ಲೆನ್ಸು ಮುಂದೆ ಬರಬೇಕಾದುದಕ್ಕಿಂತ ಸುಮಾರು 0.09 ಮಿ.ಮೀ. ಕಡಿಮೆ ಬರುವುದರಿಂದ ಫೋಕಸ್ ಸುಮಾರು 3 ಸೆಂ.ಮೀ. ಹಿಂದೆ ಬೀಳುತ್ತದೆ. ಎಫ್/1.5ರಲ್ಲಿ ಆ ದೂರಕ್ಕೆ ಸ್ಪಷ್ಟತೆಯ ಆಳವೇ ಒಟ್ಟು 3 ಸೆಂ.ಮೀ. ಆಸುಪಾಸು ಇರುವಾಗ ಕಣ್ಣು ತಪ್ಪದೆ ಇನ್ನೇನಾಗುತ್ತದೆ? ಅಪರ್ಚರನ್ನು ಎಫ್/5.6ಕ್ಕೆ ಕಿರಿದು ಮಾಡಿದರೆ ಸ್ಪಷ್ಟತೆಯ ಆಳ ಹೆಚ್ಚಿ ಈ ತಪ್ಪು ಮುಚ್ಚಿಹೋಗುತ್ತದೆ. ಹಗಲು ತೆಗೆದ ಚಿತ್ರಗಳು ಚೆನ್ನಾಗಿ ಬಂದಿವೆ ಎಂದು ನೀವು ಬರೆದಿರುವುದಕ್ಕೆ ಅದೇ ಕಾರಣ.

ಮೊದಲು ಕ್ಯಾಮೆರಾ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಪೊಸಡಿಗುಂಪೆಯಂಥ ಎತ್ತರದ ಜಾಗಕ್ಕೆ ಹೋಗಿ, ಒಂದೆರಡು ಕಿಲೋಮೀಟರಿಗಿಂತ ದೂರದ ಟವರಿನ ತುದಿಯನ್ನು ನೋಡಿ. ಲೆನ್ಸನ್ನು ಅನಂತದಲ್ಲಿ ನಿಲ್ಲಿಸಿದಾಗ ನಡುವಿನ ಎರಡು ಬಿಂಬಗಳು ಒಂದಾಗಬೇಕು. ಅದನ್ನೇ ಇನ್ನೊಂದು ಲೆನ್ಸಿನಿಂದಲೂ ನೋಡಿ. ಎರಡರಲ್ಲೂ ಒಂದಾದರೆ ನಿಮ್ಮ ರೇಂಜ್‌ಫೈಂಡರಿಗೆ ಏನೂ ಆಗಿಲ್ಲ.

ಆಮೇಲೆ ಲೆನ್ಸಿನ ಪರೀಕ್ಷೆ. ನಾನು ಇದಕ್ಕೆ ಫಿಲ್ಮು ಖರ್ಚು ಮಾಡುವುದಿಲ್ಲ. ಹಿಂಬದಿಯ ಬಾಗಿಲು ತೆರೆದು, ಫಿಲ್ಮು ಕುಳಿತುಕೊಳ್ಳುವ ಒಳಗಿನ ಹಳಿಗಳ ಮೇಲೆ ಸರಿಯಾಗಿ ಕತ್ತರಿಸಿದ ಉಜ್ಜಿದ ಗಾಜಿನ ತುಂಡನ್ನು, ಉಜ್ಜಿದ ಮೈ ಲೆನ್ಸಿನ ಕಡೆಗಿರುವಂತೆ ಇಟ್ಟು, ಶಟರನ್ನು ಬಿ ಗುರುತಿನಲ್ಲಿ ಕೇಬಲ್ಲಿನಿಂದ ತೆರೆದು ಹಿಡಿದು, ಲೂಪ್ (ಭೂತಗನ್ನಡಿ) ಹಚ್ಚಿ ನೋಡುತ್ತೇನೆ. ಗಾಜಿನ ಬದಲು ಸೆಲ್ಲೋ ಟೇಪು ಅಂಟಿಸಿ ನೋಡುವವರಿದ್ದಾರೆ. ಟೇಪು ನಡುವೆ ಜೋಲುತ್ತದೆ, ನಾವು ಹುಡುಕುತ್ತಿರುವುದೇ ಮಿಲಿಮೀಟರಿನ ಹತ್ತನೇ ಒಂದು ಭಾಗ, ಆದ್ದರಿಂದ ಆ ಪರೀಕ್ಷೆಗೆ ಬೆಲೆಯಿಲ್ಲ. ಹಳಿಯ ಮೇಲೆ ಗಾಜು ಗೀರದಂತೆ ಅಂಚುಗಳನ್ನು ಮೊದಲೇ ನಯಗೊಳಿಸಿಕೊಳ್ಳಿ. ಮೇಜಿನ ಮೇಲೆ ಅಳತೆಯ ಟೇಪನ್ನು ಉದ್ದಕ್ಕೆ ಬಿಡಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಒಂದು ಮೀಟರ್ ದೂರದಲ್ಲಿ ಓರೆಯಾಗಿ ನಿಲ್ಲಿಸಿ, ಒಂದು ಅಂಕಿಗೆ ರೇಂಜ್‌ಫೈಂಡರಿನಲ್ಲಿ ಫೋಕಸ್ ಮಾಡಿ, ಗಾಜಿನ ಮೇಲೆ ನಿಜವಾಗಿ ಯಾವ ಅಂಕಿ ಚೂಪಾಗಿದೆಯೆಂದು ಓದಿಕೊಳ್ಳಿ. ಎಫ್/1.5ರ ಬಳಿಕ ಎಫ್/2.8ರಲ್ಲೂ ನೋಡಿ, ಏಕೆಂದರೆ ಸೊನ್ನಾರ್ ಜಾತಿಯ ಲೆನ್ಸುಗಳಲ್ಲಿ ಅಪರ್ಚರ್ ಮುಚ್ಚಿದಂತೆ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಪ್ರತಿ ಸಲವೂ ಅನಂತಕ್ಕೆ ತಿರುಗಿಸಿ ಹೊಸದಾಗಿ ಫೋಕಸ್ ಮಾಡಬೇಕು. ಇಲ್ಲವಾದರೆ ಹಳೆಯ ಗ್ರೀಸಿನ ಸಡಿಲವನ್ನು ಅಳೆದಂತಾಗುತ್ತದೆ.

ತಿರುಪಿನ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಅಡಾಪ್ಟರನ್ನೂ ಸುಮ್ಮನೆ ನಂಬಬೇಡಿ. ತಿರುಪಿನ ಎಂ39 ಲೈಕಾ ಮೌಂಟಿನಿಂದ ಫಿಲ್ಮಿಗೆ ಅಂತರ 28.8 ಮಿ.ಮೀ., ಬೆಸ್ಸಾದ ಎಂ ಮೌಂಟಿನದು 27.8, ಆದ್ದರಿಂದ ನಡುವಿನ ಉಂಗುರ ಸರಿಯಾಗಿ 1 ಮಿ.ಮೀ. ದಪ್ಪವಿರಬೇಕು. ಮೈಕ್ರೋಮೀಟರಿನಲ್ಲಿ ನಾಲ್ಕೂ ಕಡೆ ಅಳೆಯಿರಿ. ಈ ಚರ್ಚೆಯಲ್ಲೇ ಒಬ್ಬರು ಹೀಲಿಯೋಸ್-44 ಲೆನ್ಸು ಹಾಕಿ ನೋಡಿ ಎಂದಿದ್ದಾರೆ. ಹಳೆಯ ಹೀಲಿಯೋಸಿನ ತಿರುಪೂ 39 ಮಿ.ಮೀ. ಆಗಿರುವುದರಿಂದ ಅದು ಕುಳಿತುಕೊಳ್ಳುತ್ತದೆ ನಿಜ, ಆದರೆ ಅದು ಜೆನಿಟ್ ಎಸ್‌ಎಲ್‌ಆರ್‌ಗೆ 45.2 ಮಿ.ಮೀ. ಅಂತರಕ್ಕೆ ಮಾಡಿದ ಲೆನ್ಸು, ರೇಂಜ್‌ಫೈಂಡರಿಗೆ ಕೊಂಡಿಯೂ ಇಲ್ಲ. ಪರಿಶೀಲಿಸದೆ ಇಂಥ ಸಲಹೆ ಕೊಟ್ಟರೆ ಕೇಳಿದವರ ದುಡ್ಡು ಹೋಗುತ್ತದೆ.

ಜುಪಿಟರನ್ನು ಹತ್ತಿರದ ಮುಖಚಿತ್ರಗಳಿಗಾಗಿಯೇ ಇಟ್ಟುಕೊಳ್ಳುವುದಾದರೆ, ಗಾಜುಗಳ ಕೊಳವೆಯ ಬುಡದಲ್ಲಿರುವ ಶಿಮ್ ಎಂಬ ತೆಳು ಉಂಗುರವನ್ನು ಸುಮಾರು 0.1 ಮಿ.ಮೀ. ದಪ್ಪ ಮಾಡಿಸಿದರೆ ಸರಿಹೋಗುತ್ತದೆ. ಆಗ ಪೂರ್ತಿ ತೆರೆದಾಗ ಅನಂತ ಕೈತಪ್ಪುತ್ತದೆ, ಎಫ್/5.6ರಿಂದ ಮತ್ತೆ ಸಿಗುತ್ತದೆ. ಸರಿಯಾದ ಲೆನ್ಸ್ ಸ್ಪ್ಯಾನರ್ ಇಲ್ಲದೆ ಬಿಚ್ಚಬೇಡಿ. ಇನ್ನೊಬ್ಬರು ತಮ್ಮ ಲೆನ್ಸಿಗೆ ಹೇಳಿದ ಅಳತೆಯನ್ನೂ ನಕಲು ಮಾಡಬೇಡಿ, ಏಕೆಂದರೆ ಈ ಲೆನ್ಸುಗಳು ಪ್ರತಿಯಿಂದ ಪ್ರತಿಗೆ ಬಹಳ ಬೇರೆಯಾಗಿರುತ್ತವೆ. ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಹೇಳುತ್ತವೆ. ನನಗೆ 1950ರ ದಶಕದವು ಹೆಚ್ಚು ಇಷ್ಟ.

ನನ್ನನ್ನು ಕೇಳಿದರೆ, ಚೌಕಿಯ ಕೆಲಸಕ್ಕೆ ಕೊಸಿನಾ ಕಂಪನಿಯ ಫೋಕ್ಟ್‌ಲೆಂಡರ್ ನೋಕ್ಟನ್ 40 ಮಿ.ಮೀ. ಎಫ್/1.4 ತೆಗೆದುಕೊಳ್ಳಿ. ಆರ್3ಎಯ ಫೈಂಡರಿನಲ್ಲಿ 40ರ ಚೌಕಟ್ಟು ಇದೆ, ಬೇರೆ ಎಷ್ಟೋ ಕ್ಯಾಮೆರಾಗಳಲ್ಲಿ ಅದು ಇಲ್ಲ. ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುವ ಜಾಗವಾದ್ದರಿಂದ ಎಸ್‌ಸಿ (ಒಂದು ಪದರದ ಲೇಪನ) ಬೇಡ, ಎಂಸಿ (ಹಲವು ಪದರದ) ಲೇಪನದ್ದೇ ಇರಲಿ. 50 ಮಿ.ಮೀ.ಯೇ ಬೇಕೆಂದರೆ ಜೈಸ್ ಜೆಡ್‌ಎಂ ಪ್ಲಾನಾರ್ ಎಫ್/2ರಷ್ಟು ನಂಬಿಗಸ್ತ ಲೆನ್ಸು ನನಗೆ ಸಿಕ್ಕಿಲ್ಲ. ಅದೇ ಸಾಲಿನ ಸಿ ಸೊನ್ನಾರ್ ಎಫ್/1.5 ಸುಂದರವಾಗಿ ಚಿತ್ರ ಮೂಡಿಸುತ್ತದೆ, ಆದರೆ ಮೊದಮೊದಲಿನ ಪ್ರತಿಗಳನ್ನು ಎಫ್/2.8ಕ್ಕೆ ಹೊಂದಿಸಿರುವುದರಿಂದ ಪೂರ್ತಿ ತೆರೆದಾಗ ಫೋಕಸ್ ಮುಂದೆ ಬೀಳುತ್ತದೆ. ಸೆವೆನ್ ಆರ್ಟಿಸನ್ಸ್ 50 ಮಿ.ಮೀ. ಎಫ್/1.1ರಲ್ಲಿ ಕೊಂಡಿಯನ್ನು ನಾವೇ ಹೊಂದಿಸಬಹುದಾದ ಅನುಕೂಲವಿದೆ, ಅದು ದೊಡ್ಡ ಗುಣ. ಆದರೂ ಆರ್3ಎಯ ರೇಂಜ್‌ಫೈಂಡರಿನ ಬುಡದಳತೆ (ಎರಡು ಬಿಂಬ ಪಡೆಯುವ ಕಿಂಡಿಗಳ ನಡುವಿನ ಅಂತರ) 37 ಮಿ.ಮೀ. ಮಾತ್ರ, ಲೈಕಾ ಎಂ3ರಲ್ಲಿ ಅದರ ಪರಿಣಾಮಕಾರಿ ಅಳತೆ 60 ಮಿ.ಮೀ. ದಾಟುತ್ತದೆ; ಅಷ್ಟು ತೆಳುವಾದ ಫೋಕಸನ್ನು ನಿಮ್ಮ ಕ್ಯಾಮೆರಾದ ಮೇಲೆ ಹೊರಿಸಬೇಡಿ.

ಕಡಿಮೆ ಬೆಲೆಗೆ ಕ್ಯಾನನ್ 50 ಮಿ.ಮೀ. ಎಫ್/1.8ರ ತಿರುಪಿನ ಲೆನ್ಸು ಒಳ್ಳೆಯದು, ಲೈಕಾ ಅಳತೆಗೇ ಮಾಡಿದ್ದು. ಆದರೆ ಅಪರ್ಚರಿನ ಹಿಂದಿನ ಗಾಜಿನಲ್ಲಿ ಮಂಜು ಕಟ್ಟುವುದು ಅದರ ಹಳೆಯ ರೋಗ. ಕೊಳ್ಳುವ ಮೊದಲು ಹಿಂದಿನಿಂದ ಟಾರ್ಚು ಬಿಟ್ಟು ನೋಡಿ. ಒರೆಸಿದರೆ ಹೋಗುವುದು ಎಣ್ಣೆಯ ಪಸೆ, ಗಾಜನ್ನೇ ತಿಂದಿದ್ದರೆ ಯಾರೂ ಸರಿಮಾಡಲಾರರು. ಫಿಲ್ಟರಿನ ಅಳತೆ 40 ಮಿ.ಮೀ., 40.5 ಅಲ್ಲ, ಬಲವಂತವಾಗಿ ತಿರುಗಿಸಿದರೆ ಎಳೆ ಹಾಳಾಗುತ್ತದೆ.

ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳು ಪರ್ವಕ್ಕೆ) ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ತನಕ ನಮ್ಮ ಕ್ಯಾಮೆರಾಗಳೂ ಕಪಾಟಿನಲ್ಲಿ ಕೂರುತ್ತವೆ. ಅದೇ ಹೊತ್ತಿಗೆ ಕಾಸರಗೋಡಿನ ಮಳೆಗಾಲದ ತೇವ ಲೆನ್ಸುಗಳಿಗೆ ಫಂಗಸ್ ಹಿಡಿಸುತ್ತದೆ. ಚರ್ಮದ ಚೀಲದಿಂದ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕದೊಂದಿಗೆ ಇಡಿ; ಮಾಪಕದ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ, ಜೆಲ್ಲಿನ ನೀಲಿ ಬಣ್ಣ ಗುಲಾಬಿಯಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ.